ಬಾಗಿಲಿಗೆ ಆನಿಸಿಟ್ಟ ಪೊರಕೆ

"ಎಷ್ಟು ಗಂಟೆ ಅಂದ್ರಿ?"

ಹಿಲ್ಕಾ ರಿಸೀವರನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿದಳು. ಬಲಗಿವಿಗಾದರೂ ಬೇರೆ ಉತ್ತರ ಬರಲಿ ಎಂಬ ಆಸೆ ಅವಳದು.

"ಮಧ್ಯಾಹ್ನ ಎರಡು," ಎಂದರು ಹೆಣದ ಪರೀಕ್ಷೆ ಮಾಡಿದ ಡಾಕ್ಟರ್ ಸೋಯ್ನಿ. "ಅರ್ಧ ಗಂಟೆ ಹಿಂದೆಮುಂದೆ ಇರಬಹುದು. ಅದಕ್ಕಿಂತ ಜಾಸ್ತಿ ಇಲ್ಲ."

"ಪೆಟ್ಟು ಬಿದ್ದಿದ್ದು?"

"ಬೆಳಿಗ್ಗೆ ಎಂಟೂವರೆ ಸುಮಾರಿಗೆ. ತಲೆ ಹಿಂದೆ ಒಂದೇ ಏಟು, ಸೌದೆ ತುಂಡಿನ ಥರದ್ದು ಏನೋ. ಒಳಗೊಳಗೇ ರಕ್ತ ತುಂಬ್ಕೊಂಡಿದೆ, ನಿಧಾನವಾಗಿ. ಐದೂವರೆ ಗಂಟೆ ಉಸಿರಾಡ್ತಾ ಬಿದ್ದಿದ್ದ ಮನುಷ್ಯ. ಮಧ್ಯಾಹ್ನದ ಹೊತ್ತಿಗೆ ಯಾರಾದ್ರೂ ನೋಡಿ ಆಸ್ಪತ್ರೆಗೆ ತಂದಿದ್ರೆ ಉಳೀತಿದ್ದ ಹಿಲ್ಕಾ. ಇದನ್ನ ನಾನು ಬರೆದೂ ಕೊಡ್ತೀನಿ."

ಹಿಲ್ಕಾ ಕುರ್ಚಿ ಎಳೆದುಕೊಂಡು ಕೂತಳು.

ಸೋಮವಾರ ಸಂಜೆ ಬೇಟೆ ಸಂಘದ ಮುಖ್ಯಸ್ಥ ವಿಲ್ಯೊ ಹರ್ಕೊನೆನ್ ತನ್ನ ಅಡುಗೆಮನೆಯಲ್ಲಿ ಹೆಣವಾಗಿ ಸಿಕ್ಕಾಗ, ಅವನ ಪ್ರಾಣ ಬೆಳಿಗ್ಗೆ ಪೆಟ್ಟು ಬಿದ್ದ ಗಳಿಗೆಯಲ್ಲೇ ಹೋಗಿರಬೇಕೆಂದು ಇಡೀ ಕುರ್ಕಿಲಂಪಿ ಹಳ್ಳಿ ಅಂದುಕೊಂಡಿತ್ತು. ಇನ್‌ಸ್ಪೆಕ್ಟರ್ ಹಿಲ್ಕಾ ತೊಲೊನೆನ್ ಕೂಡ ಹಾಗೇ ಅಂದುಕೊಂಡಿದ್ದಳು. ಅಂದುಕೊಂಡು ಎರಡು ರಾತ್ರಿ ನಿದ್ದೆಯನ್ನೂ ಮಾಡಿದ್ದಳು.

ಆ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಅವಳು ವಿಲ್ಯೊನ ಬಾಗಿಲ ಮುಂದೆ ನಿಂತಿದ್ದಳು.

ಅವನೇ ಕರೆದಿದ್ದ. ಹಿಂದಿನ ಸಂಜೆ ಫೋನ್ ಮಾಡಿ, "ಒಬ್ಳೇ ಬಾ, ಇದು ಫೋನಲ್ಲಿ ಆಡೋ ಮಾತಲ್ಲ" ಎಂದಿದ್ದ. ಅವಳು ಬಂದಳು, ಮೆಟ್ಟಿಲ ಬಳಿ ಕಾರು ನಿಲ್ಲಿಸಿದಳು, ಬಾಗಿಲಿಗೆ ಅಡ್ಡವಾಗಿ ಪೊರಕೆ ಆನಿಸಿಟ್ಟಿದ್ದನ್ನು ನೋಡಿದಳು, ಕಾರು ತಿರುಗಿಸಿಕೊಂಡು ಹೋದಳು.

ಈ ಸೀಮೆಯಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ. ಮನೆಯಲ್ಲಿ ಜನರಿಲ್ಲದಿದ್ದರೆ ಮೆಟ್ಟಿಲು ಗುಡಿಸುವ ಕಡ್ಡಿಪೊರಕೆಯನ್ನು ಬಾಗಿಲಿಗೆ ಆನಿಸಿ ಹೊರಡುತ್ತಾರೆ, ಅಷ್ಟೇ. ಬಂದವರು ಪೊರಕೆ ನೋಡುತ್ತಾರೆ, ಹಿಂದಿರುಗುತ್ತಾರೆ. ಯಾರೂ ಪೊರಕೆ ಸರಿಸಿ ಒಳಗೆ ಇಣುಕುವುದಿಲ್ಲ. ಹಾಗೆ ಇಣುಕಿದವನಿಗೆ ಊರಿನಲ್ಲಿ ಮರ್ಯಾದೆ ಉಳಿಯುವುದಿಲ್ಲ. ಕಳ್ಳ ಕೂಡ ಅದಕ್ಕೆ ಬೆಲೆ ಕೊಡುತ್ತಾನೆ ಎಂದು ಊರವರು ಜಂಬ ಕೊಚ್ಚಿಕೊಳ್ಳುವುದುಂಟು.

ವಿಲ್ಯೊನ ಬೂಟುಗಳು ಮೆಟ್ಟಿಲ ಮೇಲೇ ಇದ್ದವು. ದೋಣಿ ದಂಡೆಯಲ್ಲೇ ಇತ್ತು. ಪೊಲೀಸ್ ಇನ್‌ಸ್ಪೆಕ್ಟರ್ ಎನ್ನಿಸಿಕೊಂಡವಳು ಅವೆರಡನ್ನೂ ನೋಡಲಿಲ್ಲ. ಪೊರಕೆ ನೋಡಿದ ಮೇಲೆ ಅವಳ ಕಣ್ಣು ಬೇರೇನನ್ನೂ ನೋಡಲೇ ಇಲ್ಲ.

"ಹಿಲ್ಕಾ? ಇದ್ದೀಯಾ?"

"ಇದ್ದೀನಿ ಡಾಕ್ಟ್ರೇ."

"ಇನ್ನೊಂದು ವಿಷಯ. ಅವನನ್ನ ಯಾರು ಮಲಗಿಸಿದ್ರು?"

"ಮಲಗಿಸಿದ್ರಾ?"

"ಫೋಟೋ ನೋಡ್ದೆ. ಬಲಗಡೆಗೆ ಹೊರಳಿಸಿದ್ದಾರೆ. ಎಡ ಮಂಡಿ ಮಡಚಿದೆ, ಕೈ ಕೆನ್ನೆ ಕೆಳಗಿದೆ. ತಲೆ ಹಿಂದಿನ ಏಟು ತಿಂದು ಬಿದ್ದವನು ಬೋರಲು ಬೀಳ್ತಾನೆ, ತೊಟ್ಟಿಲಲ್ಲಿರೋ ಕೂಸಿನ ಹಾಗೆ ಮಲಗಲ್ಲ. ವಾಂತಿ ಆದ್ರೆ ಉಸಿರು ಕಟ್ಟದೇ ಇರ್ಲಿ ಅಂತ ಹಾಗೆ ಮಲಗಿಸೋದು. ಅದು ಗೊತ್ತಿರೋರೇ ಮಲಗಿಸಿದ್ದಾರೆ."

ಸಾಯುತ್ತಿರುವವನಿಗೆ ಉಸಿರು ಕಟ್ಟದಿರಲಿ ಎಂದು ಮಮತೆಯಿಂದ ಹೊರಳಿಸಿ ಮಲಗಿಸಿ, ಆಮೇಲೆ ಎದ್ದು ಹೊರಗೆ ಹೋಗಿ, ಯಾರೂ ಒಳಗೆ ಬಾರದಂತೆ ಪೊರಕೆ ಇಡುವ ಜೀವ ಎಂಥದು?

ಅವಳು ರಿಸೀವರ್ ಇಟ್ಟಳು. ಎದುರಿಗೆ ಕಾನ್‌ಸ್ಟೇಬಲ್ ಪೆಂಟಿ ಕಾಫಿ ಹೀರುತ್ತಿದ್ದ. ಐವತ್ತೆರಡು ವರ್ಷದ ಅವನು ಕುರ್ಕಿಲಂಪಿ ಠಾಣೆಯ ಏಕೈಕ ಪೊಲೀಸು. ಠಾಣೆ ಎಂದರೆ ಅಂಚೆ ಕಚೇರಿಯ ಹಿಂದಿನ ಒಂದು ಕೋಣೆ. ಹಿಲ್ಕಾಳ ಕೆಲಸ ಕಯಾನಿ ಪಟ್ಟಣದ ದೊಡ್ಡ ಠಾಣೆಯಲ್ಲಿ, ಈ ಕೇಸಿಗೆಂದು ಇಲ್ಲಿ ಕೂತಿದ್ದಳು.

"ಮುಖ ಯಾಕೆ ಹಂಗಾಯ್ತು?" ಎಂದ.

ಅವಳು ಹೇಳಿದಳು. ಪೆಂಟಿ ಕಾಫಿ ಲೋಟ ಕೆಳಗಿಟ್ಟ.

"ಅಂದ್ರೆ ನೀನು ಬಾಗಿಲ ಹತ್ರ ಇದ್ದಾಗ..."

"ಬದುಕಿದ್ದ. ನನ್ನಿಂದ ಆರು ಹೆಜ್ಜೆ ದೂರದಲ್ಲಿ. ಮುಂದೆ ಹೇಳು, ಅಂಚೆ ಮಾರ್ತಾ ಏನಂದ್ಲು?"

ಪೆಂಟಿ ಟಿಪ್ಪಣಿ ಪುಸ್ತಕ ತೆರೆದ. ಅಂಚೆ ಹಂಚುವ ಮಾರ್ತಾಳೇ ಹೆಣ ನೋಡಿದವಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ರಸ್ತೆ ಬದಿಯ ಪೆಟ್ಟಿಗೆಗೆ ಪತ್ರಿಕೆ ಹಾಕಿ ಹೋಗಿದ್ದಳು. ಸಂಜೆ ಐದಕ್ಕೆ ಅದೇ ದಾರಿಯಲ್ಲಿ ಬರುವಾಗ ಪತ್ರಿಕೆ ಹಾಗೇ ಇತ್ತು. ಮೆಟ್ಟಿಲ ತನಕ ಹೋದಳು, ಬೂಟು ನೋಡಿದಳು, ಕಾಲಿಗೆ ಏನೂ ಇಲ್ಲದೆ ಮನುಷ್ಯ ಎಲ್ಲಿಗೆ ಹೋದಾನು ಎಂದುಕೊಂಡು ಪೊರಕೆ ಎಳೆದು ಬಾಗಿಲು ತೆಗೆದಳು.

"ಬೆಳಿಗ್ಗೆ ಹತ್ತಕ್ಕೆ ಪೊರಕೆ ಇತ್ತಾ?"

"ಇರ್ಲಿಲ್ಲ. ಆಣೆ ಮಾಡಿ ಹೇಳ್ತಾಳೆ. ರಸ್ತೆಯಿಂದ ಬಾಗಿಲು ಚೆನ್ನಾಗಿ ಕಾಣುತ್ತೆ. ಹಾರನ್ ಹೊಡೆದ್ಲಂತೆ, ಯಾರೂ ಬರ್ಲಿಲ್ಲ, ಸೌನಾ ಹಬೆಮನೆಗೆ ಸೌದೆ ಒಡೀತಿದ್ದಾನೇನೋ ಅಂದ್ಕೊಂಡು ಹೋದ್ಲಂತೆ."

"ಎಂಟೂವರೆಗೆ ಹೊಡೆದವನು ಹತ್ತು ಗಂಟೆ ಮೇಲೆ ಪೊರಕೆ ಇಡೋಕೆ ಅಲ್ಲೇ ಕೂತಿರ್ತಾನಾ?"

"ಕೂತಿರಲ್ಲ."

"ಹಾಗಾದ್ರೆ ಹೊಡೆದವನೇ ಬೇರೆ, ಪೊರಕೆ ಇಟ್ಟವನೇ ಬೇರೆ."

ಪೆಂಟಿ ಕತ್ತು ಕೆರೆದುಕೊಂಡ. "ಸರಿ, ಇಟ್ಟ ಅಂತಲೇ ಇಟ್ಕೋ. ಬಾಗಿಲಿಗೆ ಪೊರಕೆ ಆನಿಸೋದು ಯಾವ ಕಾನೂನಲ್ಲಿ ಅಪರಾಧ? ನಮ್ಮನೆಯವಳು ದಿನಾ ಇಡ್ತಾಳೆ."

"ನಿಮ್ಮನೆಯವಳು ಒಳಗೆ ಹೆಣ ಬೀಳ್ತಾ ಇರುವಾಗ ಇಡಲ್ವಲ್ಲ. ಒಳಗೆ ಏನಾಗ್ತಿದೆ ಅಂತ ಗೊತ್ತಿಲ್ದೆ ಇಟ್ರೆ ಅದು ಪೊರಕೆ. ಗೊತ್ತಿದ್ದೂ, ಅದು ಆಗಿಹೋಗ್ಲಿ ಅಂತ ಇಟ್ರೆ ಅದೇ ಕೊಲೆಯಲ್ಲಿ ಪಾಲು. ಕೈಯಲ್ಲಿ ಸೌದೆ ಹಿಡಿದಿರ್ಬೇಕು ಅಂತೇನಿಲ್ಲ."

"ಗೊತ್ತಿತ್ತೋ ಇಲ್ವೋ ಅಂತ ಯಾರು ಹೇಳ್ಬೇಕು?"

"ಇಟ್ಟವರೇ."

ಪೆಂಟಿ ನಕ್ಕ. "ಮಾರ್ತಾ ಕೆನ್ನೆ ನೋಡಿದ್ಯಾ? ಪೊರಕೆ ಎಳೀವಾಗ ಕಡ್ಡಿ ಗೀರಿಬಿಟ್ಟಿದೆ. ವಿಲ್ಯೊ ಸತ್ತಿದ್ದಕ್ಕಿಂತ ಅವಳಿಗೆ ಕೆನ್ನೆಯದೇ ಚಿಂತೆ."

ಹಿಲ್ಕಾ ನಗಲಿಲ್ಲ. "ಕೆನ್ನೆಗೆ ಹೇಗೆ ಗೀರುತ್ತೆ?"

"ಹೇಗೆ ಅಂದ್ರೆ?"

"ಕಡ್ಡಿ ಕೆಳಗಿರುತ್ತೆ ಪೆಂಟಿ. ಗುಡಿಸಿದ ಹಾಗೇ ಆನಿಸಿಡ್ತೀವಿ. ಗೀರಿದ್ರೆ ಕಾಲಿಗೆ ಗೀರ್ಬೇಕು."

ಹಾಗೆಂದ ಗಳಿಗೆಯಲ್ಲೇ ಅವಳಿಗೆ ಬಾಗಿಲು ಕಣ್ಣೆದುರು ಬಂತು. ಸೋಮವಾರ ಮಧ್ಯಾಹ್ನದ ಬಿಸಿಲು, ಬೂದು ಬಾಗಿಲು, ಅದರ ಚಿಲಕಕ್ಕಿಂತ ಮೇಲೆ, ಮುಖದ ಎತ್ತರದಲ್ಲಿ ಬರ್ಚ್ ಮರದ ಕಡ್ಡಿಗಳ ಗೊಂಚಲು. ಪೊರಕೆ ತಲೆಕೆಳಗಾಗಿತ್ತು.

ಊರಿನಲ್ಲಿ ಹಾಗೆ ಇಡುವವರು ಒಬ್ಬರೇ. ಕಡ್ಡಿ ಕೆಳಗಿಟ್ಟರೆ ಡೊಂಕಾಗುತ್ತದೆ, ಒದ್ದೆಗೆ ಕೊಳೆಯುತ್ತದೆ ಎಂದು ಗದರುತ್ತಾ, ಎಂಟು ವರ್ಷದ ಹಿಲ್ಕಾಳ ಕೈಯಿಂದ ಪೊರಕೆ ಕಸಿದು ತಿರುಗಿಸಿ ಇಡುತ್ತಿದ್ದವಳು. ತಾಯಿ ಸತ್ತ ಮೇಲೆ ಪಕ್ಕದ ಮನೆಯಿಂದ ಬಂದು ಅವಳಿಗೆ ಜಡೆ ಹಾಕುತ್ತಿದ್ದವಳು. ಇಪ್ಪತ್ತಾರು ವರ್ಷಗಳಿಂದ ಸುತ್ತಲಿನ ಹಳ್ಳಿಗಳ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ, ಸೂಜಿ ಹಾಕುವ ನರ್ಸ್. ಬಿದ್ದವರನ್ನು ಹೇಗೆ ಹೊರಳಿಸಿ ಮಲಗಿಸಬೇಕೆಂದು ಊರ ಶಾಲೆಯಲ್ಲಿ ಮಕ್ಕಳಿಗೆಲ್ಲ ಕಲಿಸಿದವಳು.

"ಸಾಯ್ಮಕ್ಕ," ಎಂದಳು ಹಿಲ್ಕಾ.

ಪೆಂಟಿ ಪುಟ ತಿರುಗಿಸಿದ. "ಸಾಯ್ಮಿ ಹೇಳಿಕೆ ಇಲ್ಲಿದೆ. ವಿಲ್ಯೊ ಕಾಲಿನ ಹುಣ್ಣಿಗೆ ಪಟ್ಟಿ ಬದಲಾಯ್ಸೋಕೆ ಹನ್ನೊಂದೂವರೆಗೆ ಹೋದೆ, ಪೊರಕೆ ಇತ್ತು, ವಾಪಸ್ ಬಂದೆ." ಅವನು ತಲೆ ಎತ್ತಿದ. "ಪೊರಕೆ ಇತ್ತು ಅಂದಿದ್ದಾಳೆ."

"ಇಟ್ಟೆ ಅಂದಿಲ್ಲ."

"ಅವಳಾ? ಹುಚ್ಚು ಹಿಡಿದಿದ್ಯಾ ನಿಂಗೆ? ಈ ಊರಲ್ಲಿ ಅರ್ಧ ಜನ ಅವಳ ಕೈಯಲ್ಲೇ ಬದುಕಿದ್ದಾರೆ!"

"ಅವಳ ಮಗ ಅರ್ಮಸ್ ಸಿಕ್ಕನಾ?"

ಪೆಂಟಿ ಪುಸ್ತಕ ಮುಚ್ಚಿದ. ಎರಡು ವಾರದ ಹಿಂದೆ ಬೇಟೆ ಸಂಘದ ಸಭೆಗೆ ಅರ್ಮಸ್ ಕುಡಿದು, ಬಂದೂಕು ಹಿಡಿದು ಬಂದಿದ್ದ. ವಿಲ್ಯೊ ಎಲ್ಲರೆದುರು ಅವನ ಹೆಸರನ್ನು ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಯ ತಂಡದಿಂದ ಹೊಡೆದುಹಾಕಿದ್ದ. "ನಿನ್ ತಲೆ ಬುರುಡೆ ಒಡೀತೀನಿ ನೋಡ್ತಿರು" ಎಂದು ಆ ಹುಡುಗ ಕೂಗಿದ್ದನ್ನು ಮೂವತ್ತು ಜನ ಕೇಳಿದ್ದರು. ಭಾನುವಾರದಿಂದ ಅವನು ಊರಲ್ಲಿ ಕಂಡಿಲ್ಲ.

"ನೀನು ಹೋಗ್ಬೇಡ," ಎಂದ ಪೆಂಟಿ. "ಕಯಾನಿಯಿಂದ ಬೇರೆ ಯಾರನ್ನಾದ್ರೂ ಕರ್ಸೋಣ. ಅವಳು ನಿಂಗೆ ಅಮ್ಮನ ಹಾಗೆ."

"ಅದಕ್ಕೇ ನಾನು ಹೋಗ್ಬೇಕು," ಎಂದಳು ಹಿಲ್ಕಾ. ಅದು ತಪ್ಪು ಎಂದು ಅವಳಿಗೂ ಗೊತ್ತಿತ್ತು.

*

ಸಾಯ್ಮಿಯ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಮೇಜಿನ ಮೇಲೆ ಏಲಕ್ಕಿ ಹಾಕಿ ಜಡೆಯಂತೆ ಹೆಣೆದ ಬ್ರೆಡ್ಡು, ಎರಡು ಕಾಫಿ ಬಟ್ಟಲು. ಒಬ್ಬಳೇ ಇರುವ ಹೆಂಗಸು ಎರಡು ಬಟ್ಟಲು ಇಟ್ಟುಕೊಂಡು ಕೂತಿದ್ದಳು.

ಪೆಂಟಿ ಹೊರಗೆ ಕಾರಿನಲ್ಲೇ ಉಳಿದ. ಅರ್ಮಸ್‌ನ ಸುದ್ದಿಗಾಗಿ ರೇಡಿಯೊದಲ್ಲಿ ಕಯಾನಿಯನ್ನು ಪೀಡಿಸುವ ಕೆಲಸ ಅವನಿಗೆ ಬಿದ್ದಿತ್ತು.

"ಬಾ," ಎಂದಳು ಸಾಯ್ಮಿ. "ಸೊರಗಿದ್ದೀಯ. ತೈಸ್ತೊ ಊಟಗೀಟ ಹಾಕ್ತಾನೋ ಇಲ್ವೋ?"

ತೈಸ್ತೊ ಎಂದರೆ ಹಿಲ್ಕಾಳ ಗಂಡ. ಮರದ ಲಾರಿ ಓಡಿಸುತ್ತಾನೆ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ರಾತ್ರಿ ಎಂಟಕ್ಕೆ ಬರುವವನು, ಅಡುಗೆ ಎಲ್ಲಿಂದ ಮಾಡಿಯಾನು?

"ಸಾಯ್ಮಕ್ಕ, ಉಪಚಾರ ಬೇಡ. ನಾನು ಕೆಲಸದ ಮೇಲೆ ಬಂದಿದ್ದೀನಿ."

"ಗೊತ್ತು. ಎರಡು ದಿನದಿಂದ ಕಾಯ್ತಿದ್ದೀನಿ. ಇಷ್ಟು ಹೊತ್ತು ಮಾಡ್ತೀಯ ಅಂದ್ಕೊಂಡಿರ್ಲಿಲ್ಲ. ಚಿಕ್ಕೋಳಿದ್ದಾಗ ಚುರುಕಾಗಿದ್ದೆ."

ಹಿಲ್ಕಾ ಪುಸ್ತಕ, ಪೆನ್ನು ತೆಗೆದು ಮೇಜಿನ ಬಳಿ ಕೂತಳು. ನಾನಲ್ಲ ಎನ್ನುತ್ತಾಳೆ, ರೇಗುತ್ತಾಳೆ, ಕಡ್ಡಿಪೊರಕೆ ತೆಗೆದುಕೊಂಡು ಅಟ್ಟುತ್ತಾಳೆ ಎಂದು ದಾರಿಯುದ್ದಕ್ಕೂ ಆಸೆ ಇಟ್ಟುಕೊಂಡು ಬಂದಿದ್ದಳು.

"ನೀನೇನಾ ಪೊರಕೆ ಇಟ್ಟಿದ್ದು?"

"ನಾನೇ."

"ಎಷ್ಟು ಹೊತ್ತಿಗೆ?"

"ಹತ್ತೂಮುಕ್ಕಾಲು. ಹತ್ತೂವರೆಗೆ ಹೋದೆ. ಬಾಗಿಲಿಗೆ ಪೊರಕೆ ಇರ್ಲಿಲ್ಲ, ನೂಕಿದೆ. ನೆಲದ ಮೇಲೆ ಬಿದ್ದಿದ್ದ." ಸಾಯ್ಮಿ ಕಾಫಿ ಸುರಿದಳು. "ಅವನ ಪಕ್ಕದಲ್ಲಿ ಕೈಗವಸು ಬಿದ್ದಿತ್ತು. ಬಲಗೈದು. ಮಣಿಕಟ್ಟಿನ ಸುತ್ತ ಕೆಂಪು ನೂಲಲ್ಲಿ ಕೊಕ್ಕರೆ ಹೆಜ್ಜೆ ಗುರುತು. ನಾನೇ ಹೆಣೆದಿದ್ದು. ಆ ನಮೂನೆ ನಂದು, ಬೇರೆ ಯಾರೂ ಹೆಣೆಯಲ್ಲ."

"ಅರ್ಮಸ್‌ದು."

"ಅರ್ಮಸ್‌ದು. ಹೋದ ಚಳಿಗಾಲಕ್ಕೆ ಹೆಣೆದು ಕೊಟ್ಟಿದ್ದೆ. ಎತ್ತಿ ಜೇಬಿಗೆ ಹಾಕ್ಕೊಂಡು ಬಂದೆ."

ಹೊರಗೆ ಪೆಂಟಿಯ ರೇಡಿಯೊ ಕರಕರ ಎಂದಿತು, ಸುಮ್ಮನಾಯಿತು.

ಹಿಲ್ಕಾ ಮೇಜಿನ ಅಂಚು ಹಿಡಿದುಕೊಂಡಳು. ಈಗ ಕೇಳಬೇಕಾದ ಪ್ರಶ್ನೆ ಒಂದೇ ಒಂದು. ಅದರ ಮೇಲೆ ಈ ಹೆಂಗಸಿನ ಉಳಿದ ಬದುಕೆಲ್ಲ ನಿಂತಿತ್ತು. ಸತ್ತವನನ್ನು ನೋಡಿ, ಮಗನ ಗುರುತು ಬಚ್ಚಿಟ್ಟು, ಪೊರಕೆ ಇಟ್ಟು ಬಂದಿದ್ದರೆ ಅವಳು ಬರೀ ತಾಯಿ. ಮುಗಿದುಹೋದ ಅಪರಾಧದಲ್ಲಿ ಮಗನನ್ನು ಮುಚ್ಚಿಟ್ಟ ತಾಯಿಯನ್ನು ಇಲ್ಲಿನ ಕಾನೂನು ಜೈಲಿಗೆ ಕಳಿಸುವುದಿಲ್ಲ. ಆದರೆ ವಿಲ್ಯೊ ಬದುಕಿದ್ದಾನೆಂದು ತಿಳಿದೇ ಇಟ್ಟಿದ್ದರೆ ಕೊಲೆ ಇನ್ನೂ ಮುಗಿದಿರಲಿಲ್ಲ. ಅದನ್ನು ಮುಗಿಸಲು ಅವಳು ಕೈ ಜೋಡಿಸಿದಂತೆ.

ಕೇಳುವ ರೀತಿ ಹಿಲ್ಕಾಗೆ ಗೊತ್ತಿತ್ತು. ಹದಿನಾಲ್ಕು ವರ್ಷದಿಂದ ಕೇಳುತ್ತಿದ್ದಾಳೆ. ಆದರೂ ಬಾಯಿಂದ ಬೇರೆಯದೇ ಬಂತು.

"ನೀನು ನೋಡೋ ಹೊತ್ತಿಗೆ ಅವನು ಸತ್ತಿದ್ದ. ಅಲ್ವಾ ಸಾಯ್ಮಕ್ಕ?"

ಸಾಯ್ಮಿ ಅವಳನ್ನೇ ನೋಡಿದಳು.

"ಗಾಬರಿ ಆಗಿತ್ತು ನಿಂಗೆ," ಎಂದಳು ಹಿಲ್ಕಾ, ಅವಸರವಸರವಾಗಿ. "ಮಗನ ಕೈಗವಸು ಕಂಡಿತು, ತಲೆ ಕೆಟ್ಟಿತು. ಸತ್ತಿದ್ದಾನೆ ಅಂದ್ಕೊಂಡೆ. ಸರಿಯಾಗಿ ನೋಡ್ಲೇ ಇಲ್ಲ. ಹಾಗೇ ತಾನೆ?"

"ಹಿಲ್ಕಾ."

"ಹೂಂ ಅನ್ನು ಸಾಕು. ನಾನು ಬರ್ಕೋತೀನಿ."

"ಬಾಯಿಗೆ ತುತ್ತು ಇಡ್ತಿದ್ದೀಯಲ್ಲೇ ಹುಡುಗಿ. ಇದನ್ನ ನಿಂಗೆ ಯಾರು ಕಲ್ಸಿದ್ರು?"

"ಸಾಯ್ಮಕ್ಕ, ದಮ್ಮಯ್ಯ..."

"ಐವತ್ತೆರಡು."

"ಏನು?"

"ನಾಡಿ. ನಿಮಿಷಕ್ಕೆ ಐವತ್ತೆರಡು. ಗಡಿಯಾರ ಹಿಡ್ಕೊಂಡು ಎಣಿಸ್ದೆ. ಎಣಿಸದೇ ಇರೋಕೆ ನಂಗೆ ಬರಲ್ಲ. ರೆಪ್ಪೆ ಎತ್ತಿ ನೋಡ್ದೆ, ಒಂದು ಕಣ್ಣಿನ ಪಾಪೆ ಅಗಲ ಆಗಿತ್ತು. ಒಳಗೆ ರಕ್ತ ಕಟ್ತಾ ಇದೆ ಅಂತ ಗೊತ್ತಾಯ್ತು. ಆ್ಯಂಬುಲೆನ್ಸ್ ಬರೋಕೆ ನಲವತ್ತು ನಿಮಿಷ, ಕಯಾನಿಗೆ ನಲವತ್ತು ನಿಮಿಷ. ಉಳೀತಾನೆ ಅಂತಾನೂ ಗೊತ್ತಿತ್ತು." ಅವಳು ಉಸಿರು ಎಳೆದುಕೊಂಡಳು. "ಫೋನ್ ಅಲ್ಲೇ ಗೋಡೆ ಮೇಲಿತ್ತು. ರಿಸೀವರ್ ಎತ್ತಿದೆ ಕೂಡ. ಉಳಿದ್ರೆ ಅವನು ಮೊದಲು ಹೇಳೋ ಹೆಸರು ನನ್ನ ಮಗಂದು. ಇಟ್ಬಿಟ್ಟೆ."

ಹಿಲ್ಕಾಳ ಕೈಯಲ್ಲಿ ಪೆನ್ನು ಇತ್ತು. ಅವಳು ಒಂದಕ್ಷರವನ್ನೂ ಬರೆದಿರಲಿಲ್ಲ.

"ಹಾಗಾದ್ರೆ ಪಕ್ಕಕ್ಕೆ ಯಾಕೆ ಮಲಗ್ಸಿದೆ?" ಎಂದು ಕಿರುಚಿದಳು. ಇಷ್ಟು ಹೊತ್ತು ಹಿಡಿದಿಟ್ಟದ್ದೆಲ್ಲ ಆ ಒಂದು ಪ್ರಶ್ನೆಯಲ್ಲಿ ಹೊರಬಿತ್ತು. "ಸಾಯ್ಲಿ ಅಂತ ಬಿಟ್ಟು ಹೋಗೋಳು ಹಾಗೆ ಯಾಕೆ ಮಲಗಿಸ್ಬೇಕು?"

"ಗೊತ್ತಿಲ್ಲ. ಕೈ ತಾನೇ ಮಾಡ್ತು. ಪೊರಕೆನೂ ಕೈಯೇ ಇಡ್ತು." ಸಾಯ್ಮಿ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಅವನು ನರಳ್ತಾ ಇದ್ದ ಹಿಲ್ಕಾ. ಬಾಗಿಲು ಹಾಕಿದ ಮೇಲೂ ಕೇಳಿಸ್ತಿತ್ತು. ಮೂವತ್ತು ವರ್ಷ ನನ್ನ ಜೊತೆ ಒಂದೇ ಮೇಜಲ್ಲಿ ಕಾಫಿ ಕುಡಿದೋನು."

ನಾನು ಬಂದಾಗಲೂ ನರಳುತ್ತಿದ್ದನೇ? ಕಾರಿನ ಇಂಜಿನ್ ಆರಿಸಿದ್ದರೆ ನನಗೂ ಕೇಳಿಸುತ್ತಿತ್ತೇ? ಹಿಲ್ಕಾ ಇಂಜಿನ್ ಆರಿಸದೆಯೇ ಹೊರಟುಹೋಗಿದ್ದಳು.

"ಬರ್ಕೋ," ಎಂದಳು ಸಾಯ್ಮಿ. "ಇದ್ದದ್ದು ಇದ್ದ ಹಾಗೆ. ನಂಗೆ ಆಗೋದು ಆಗ್ಲಿ. ಹುಡುಗ ಕುಡಿದಿದ್ದ, ಬೇಕಂತ ಮಾಡಿಲ್ಲ ಅಂತ ಮಾತ್ರ ಎಲ್ಲಾದ್ರೂ ಬರೆಯೋಕೆ ಆಗುತ್ತಾ ನೋಡು."

ಆಗ ಬಾಗಿಲು ತೆರೆಯಿತು. ಪೆಂಟಿ ನಿಂತಿದ್ದ. ಟೊಪ್ಪಿ ಕೈಯಲ್ಲಿತ್ತು, ಮುಖದಲ್ಲಿ ಸಂತೋಷವಿತ್ತು. ಪಾಪ, ಒಳ್ಳೆಯ ಸುದ್ದಿ ತಂದಿದ್ದೇನೆಂದು ಅವನ ನಂಬಿಕೆ.

"ಸಿಕ್ತು! ಅರ್ಮಸ್ ಸುದ್ದಿ ಸಿಕ್ತು! ಸಾಯ್ಮಿ, ಇನ್ನು ನಿಶ್ಚಿಂತೆಯಾಗಿ ಮಲ್ಕೋ. ಅವನಲ್ಲ, ಅವನಲ್ಲವೇ ಅಲ್ಲ!"

ಸಾಯ್ಮಿ ಕಾಫಿ ಪಾತ್ರೆಗೆ ಕೈ ಹಾಕಿದಳು.

"ಭಾನುವಾರ ಸಂಜೆ ಒಂಬತ್ತಕ್ಕೆ ಕಯಾನಿ ಬಸ್ ನಿಲ್ದಾಣದಲ್ಲಿ ಕುಡಿದು ಬಿದ್ದಿದ್ನಂತೆ. ನಮ್ಮೋರೇ ಎತ್ಕೊಂಡು ಹೋಗಿ ಲಾಕಪ್ಪಿಗೆ ಹಾಕಿದ್ದಾರೆ. ಅಮ್ಮಂಗೆ ಗೊತ್ತಾಗುತ್ತೆ ಅಂತ ಸುಳ್ಳು ಹೆಸರು ಕೊಟ್ಟಿದ್ದಾನೆ ಬಡ್ಡೀಮಗ, ಅದಕ್ಕೇ ಇಷ್ಟು ದಿನ ಸಿಗ್ಲಿಲ್ಲ. ಈಗ ಕಾವಲಿನವನು ಫೋಟೋ ನೋಡಿ ಗುರ್ತು ಹಿಡ್ದ. ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಬಿಟ್ಟಿದ್ದು. ಎಂಟೂವರೆಗೆ ಅವನು ನಮ್ಮ ಬೀಗದೊಳಗೆ ಗೊರಕೆ ಹೊಡೀತಿದ್ದ!"

ಸಾಯ್ಮಿಯ ಕೈಯಲ್ಲಿದ್ದ ಕಾಫಿ ಪಾತ್ರೆ ಓರೆಯಾಯಿತು. ಕಾಫಿ ಮೇಜಿನ ಮೇಲೆ ಹರಿದು, ಅಂಚಿನಿಂದ ಅವಳ ಮಡಿಲಿಗೆ ಸುರಿಯಿತು. ಕುದಿಯುವ ಕಾಫಿ. ಅವಳಿಗೆ ಅದು ತಿಳಿಯಲಿಲ್ಲ.

"ಸುಳ್ಳು," ಎಂದಳು.

"ಅಯ್ಯೋ, ಲಾಕಪ್ಪಿನ ದಾಖಲೆ ಇದೆ..."

"ಸುಳ್ಳು ಹೇಳ್ತಿದ್ದೀಯ. ಅವನೇ ಮಾಡಿದ್ದು. ಅವನೇ ಮಾಡಿರ್ಬೇಕು!"

ತಾಯಿಯೊಬ್ಬಳು ತನ್ನ ಮಗನೇ ಕೊಲೆಗಾರನೆಂದು ಹಟ ಹಿಡಿದು ಕೂಗುವುದನ್ನು ಪೆಂಟಿ ತನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ. ಅವನು ಹಿಲ್ಕಾಳ ಮುಖ ನೋಡಿದ. ಹಿಲ್ಕಾ ಎದ್ದು ಒದ್ದೆ ಬಟ್ಟೆ ತಂದು ಸಾಯ್ಮಿಯ ಮಡಿಲಿಗೆ ಒತ್ತಿದಳು.

"ಪೆಂಟಿ, ಕಯಾನಿಗೆ ಹೇಳು. ಇನ್ನೊಬ್ಬ ಅಧಿಕಾರಿ ಬೇಕು, ಹೇಳಿಕೆ ತಗೊಳ್ಳೋಕೆ. ನಾನು ತಗೊಳ್ಳೋ ಹಾಗಿಲ್ಲ. ಹೆಣದ ಪಕ್ಕ ಕೈಗವಸು ಬಿದ್ದಿತ್ತಂತೆ, ಸಾಯ್ಮಕ್ಕ ತಂದಿದ್ದಾಳೆ, ಅದನ್ನೂ ಹೇಳು."

ಪೆಂಟಿ ಹೋದ. ಸಾಯ್ಮಿ ಹಿಲ್ಕಾಳ ಮಣಿಕಟ್ಟು ಹಿಡಿದಳು. ನಾಡಿ ನೋಡುವ ಜಾಗದಲ್ಲೇ ಅವಳ ಬೆರಳು ಕೂತಿತ್ತು.

"ಹಾಗಾದ್ರೆ ನಾನು ಯಾರನ್ನ ಉಳಿಸ್ದೆ?"

ಹಿಲ್ಕಾ ಅವಳ ಪಕ್ಕ ಮಂಡಿಯೂರಿದಳು.

"ಮಗನಿಗೋಸ್ಕರ ಮಾಡಿದೆ ಅಂತ ಎರಡು ದಿನದಿಂದ ಬದುಕಿದ್ದೀನಿ. ಈಗ ನೋಡಿದ್ರೆ ಯಾವನೋ ಹೊಡೆದ, ಅವನಿಗೋಸ್ಕರ ನಾನು ಬಾಗಿಲು ಕಾದೆ. ಹೆಸರೂ ಗೊತ್ತಿಲ್ಲ ಕಣೇ! ಯಾರ ಪರವಾಗಿ ವಿಲ್ಯೊನ ಕೊಂದೆ ನಾನು?"

"ಸಾಯ್ಮಕ್ಕ, ಕೈಗವಸು ಎಲ್ಲಿ? ಸುಟ್ಟುಬಿಟ್ಟೆಯಾ?"

ಸಾಯ್ಮಿ ತಲೆ ಅಲ್ಲಾಡಿಸಿದಳು. ಎದ್ದು, ಒದ್ದೆ ಲಂಗದಲ್ಲೇ ನಡೆದು, ರೈ ಧಾನ್ಯದ ಹಿಟ್ಟಿನ ಡಬ್ಬಿಯೊಳಗೆ ಮೊಣಕೈ ತನಕ ಕೈ ಹಾಕಿದಳು. "ಒಲೆ ಬಾಯಿ ತನಕ ಒಯ್ದೆ. ಕೈ ಬರ್ಲಿಲ್ಲ. ಎರಡು ವಾರದ ಕೆಲಸ ಅದು."

ಹಿಟ್ಟು ಕೊಡವಿ ಮೇಜಿನ ಮೇಲೆ ಇಟ್ಟಳು. ಬೂದು ಉಣ್ಣೆ, ಕೆಂಪು ಕೊಕ್ಕರೆ ಹೆಜ್ಜೆ. ಇಬ್ಬರೂ ಬಗ್ಗಿ ನೋಡಿದರು. ಸೋಮವಾರದಿಂದ ಅದು ಬೆಳಕಿಗೆ ಬಂದದ್ದು ಇದೇ ಮೊದಲು.

ಹೆಬ್ಬೆರಳಿನ ತುದಿ ಹರಿದು, ಯಾರೋ ಹೊಲಿದಿದ್ದರು. ನೀಲಿ ದಾರ. ಹೊಲಿಗೆ ಅಡ್ಡಾದಿಡ್ಡಿ, ಒಂದು ಉದ್ದ, ಒಂದು ಗಿಡ್ಡ.

"ಇದು ನನ್ನ ಹೊಲಿಗೆ ಅಲ್ಲ," ಎಂದಳು ಸಾಯ್ಮಿ, ನಿಧಾನವಾಗಿ. "ಅರ್ಮಸ್‌ಗೆ ಸೂಜಿ ಹಿಡಿಯೋಕೂ ಬರಲ್ಲ. ಇದನ್ನ ನಾನು ಅವತ್ತು ನೋಡ್ಲೇ ಇಲ್ಲ."

ಹಿಲ್ಕಾ ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆ ನೀಲಿ ದಾರ ಅವಳ ಹಳೆಯ ಪೊಲೀಸ್ ಸ್ವೆಟರಿನದು. ಹಿಂದಿನ ಗುರುವಾರ ರೇಡಿಯೊ ಕೇಳುತ್ತಾ, ಅಡುಗೆಮನೆಯ ಬೆಂಚಿನ ಮೇಲೆ ಕೂತು ಹೊಲಿದಿದ್ದಳು. ಹೊಲಿದು ಮುಗಿಸಿದಾಗ, "ನಿನ್ನ ಹೊಲಿಗೆಗಿಂತ ತೂತೇ ಚೆನ್ನಾಗಿತ್ತು" ಎಂದು ರೇಗಿಸಿದ್ದವನ ನಗು ಅವಳ ಕಿವಿಯಲ್ಲಿ ಇನ್ನೂ ಇತ್ತು. ಅದರ ಹಿಂದೆಯೇ "ಒಬ್ಳೇ ಬಾ" ಎಂದ ವಿಲ್ಯೊನ ದನಿಯೂ ಬಂತು.

"ಈ ನಮೂನೆ ಎರಡೇ ಜೊತೆ ಹೆಣೆದಿದ್ದು ನಾನು," ಎಂದಳು ಸಾಯ್ಮಿ. ಅವಳ ಕಣ್ಣು ಕೈಗವಸಿನಿಂದ ಮೇಲೇರಿ ಹಿಲ್ಕಾಳ ಮುಖಕ್ಕೆ ಬಂದು ನಿಂತಿತು. "ಒಂದು ಅರ್ಮಸ್‌ಗೆ. ಇನ್ನೊಂದು ನಿನ್ನ ಮದುವೆಗೆ, ತೈಸ್ತೊಗೆ."

ಹೊರಗೆ ಕಾರಿನ ಬಾಗಿಲು ಬಡಿಯಿತು. ಪೆಂಟಿಯ ಬೂಟು ಮೆಟ್ಟಿಲು ಏರತೊಡಗಿತು.

ಸಾಯ್ಮಿ ಒಲೆಯ ಮುಚ್ಚಳ ತೆಗೆದಳು. ಬೆಂಕಿಯ ಬೆಳಕು ಅವಳ ಗಲ್ಲದ ಮೇಲೆ ಬಿತ್ತು. ಅವಳು ಹಿಲ್ಕಾಳನ್ನು ನೋಡಲಿಲ್ಲ, ಹಿಂದೆ ಸರಿದು ಜಾಗ ಬಿಟ್ಟಳು.

"ನಾನು ಯಾರಿಗೂ ಹೇಳಲ್ಲ," ಎಂದಳು.

ಹಿಲ್ಕಾ ಕೈಗವಸು ಎತ್ತಿಕೊಂಡಳು. ಬಾಗಿಲ ಚಿಲಕ ತಿರುಗಿತು.

"ಕಯಾನಿಯವರು ಕೇಳ್ತಾ ಇದ್ದಾರೆ ಹಿಲ್ಕಾ," ಎಂದ ಪೆಂಟಿ, ಹೊಸ್ತಿಲಲ್ಲಿ ಬೂಟು ಒರೆಸುತ್ತಾ, ಇನ್ನೂ ತಲೆ ಎತ್ತದೆ. "ಆ ಕೈಗವಸು ಸಿಕ್ತಾ, ಇಲ್ವಾ?"